ಮಗುವಿನ ಬೆನ್ನುನೋವು, ಅತಿಯಾದ ದಾಹ: ಅಪರೂಪದ ಒಂದು ಕಾಯಿಲೆಯ ಪರಿಚಯ

ಮಗು ಬೆನ್ನು ನೋವು ಎಂದರೆ ಆಟದಲ್ಲಿ ಬಿದ್ದಿರಬೇಕೆಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಆದರೆ ವಾರಗಟ್ಟಲೆ ಕಳೆದರೂ ನೋವು ಹೋಗದಿದ್ದರೆ, ರಾತ್ರಿ ನಿದ್ದೆ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಬೆನ್ನಿನ ಒಂದು ಮೂಳೆ ಕುಸಿದು ಬಿಲ್ಲೆಯಂತೆ ಚಪ್ಪಟೆಯಾಗಿ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿ.ಬಿ. ಇದೇ ರೀತಿ ಕಾಣುವ ಇನ್ನೊಂದು ಕಾಯಿಲೆ ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್.

ಇದು ಹೇಗೆ ಬರುತ್ತದೆ?
ಹಿಸ್ಟಿಯೋಸೈಟ್‌ಗಳು ರೋಗದ ವಿರುದ್ಧ ಹೋರಾಡುವ ಜೀವಕೋಶಗಳು. ಜೀನ್‌ನಲ್ಲಿ ಆಗುವ ಬದಲಾವಣೆಯಿಂದ ಇಂತಹ ಕೆಲವು ಕೋಶಗಳು ಮಿತಿಮೀರಿ ಬೆಳೆದು ಗುಂಪುಗೂಡಿ ಮೂಳೆಯನ್ನು ಕರಗಿಸುತ್ತವೆ. ಅನೇಕ ರೋಗಿಗಳಲ್ಲಿರುವ ಇಂತಹ ಒಂದು ಬದಲಾವಣೆ 2010ರಲ್ಲಿ ಪತ್ತೆಯಾಯಿತು. ಇದು ಅಂಟುರೋಗವಲ್ಲ. ತಂದೆತಾಯಿಯರ ತಪ್ಪಿನಿಂದ ಬರುವುದೂ ಅಲ್ಲ.

ಬಯಾಪ್ಸಿ ಏಕೆ?
ಬರೀ ಎಕ್ಸ್‌ರೇ, ಎಂ.ಆರ್.ಐ. ನೋಡಿ ಇದು ಟಿ.ಬಿ.ಯೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಮೂಳೆಯ ಸಣ್ಣ ಚೂರನ್ನು ತೆಗೆದು ಪರೀಕ್ಷಿಸಿದರೆ ಎರಡನ್ನೂ ನೋಡಬಹುದು. ಸೂಜಿ ಹಾಕಿದರೆ ರೋಗ ಹರಡುತ್ತದೆಂಬ ಭಯ ಬೇಡ. ಟಿ.ಬಿ. ಮಾತ್ರೆ ಈಗಾಗಲೇ ಆರಂಭವಾಗಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ದಾಹವನ್ನು ಗಮನಿಸಿ
ಈ ಕಾಯಿಲೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನೂ ಮುಟ್ಟಬಹುದು. ಆಗ ಮಗು ಹಗಲುರಾತ್ರಿ ನೀರು ಕೇಳುತ್ತದೆ, ಮೇಲಿಂದ ಮೇಲೆ ಮೂತ್ರ ಮಾಡುತ್ತದೆ. ಇದನ್ನು ಡಯಾಬಿಟಿಸ್ ಇನ್ಸಿಪಿಡಸ್ ಎನ್ನುತ್ತಾರೆ. ಇದು ಸಕ್ಕರೆ ಕಾಯಿಲೆಯಲ್ಲ. ಮೂತ್ರ ಹೆಚ್ಚಾಯಿತೆಂದು ನೀರು ಕೊಡುವುದನ್ನು ತಡೆಯಬೇಡಿ. ಮೈಯಲ್ಲಿ ನೀರಿನಂಶ ಬತ್ತಿ ಪ್ರಾಣಕ್ಕೇ ಅಪಾಯವಾಗಬಹುದು. ದಿನಕ್ಕೆ ಎಷ್ಟು ನೀರು ಕುಡಿಯಿತು, ಎಷ್ಟು ಮೂತ್ರ ಹೋಯಿತು ಎಂಬುದನ್ನು ಅಳತೆ ಬಾಟಲಿಯಲ್ಲಿ ಅಳೆದು, ಬರೆದು ತನ್ನಿ. ಇದಕ್ಕೆ ಡೆಸ್ಮೋಪ್ರೆಸಿನ್ ಎಂಬ ಔಷಧಿ ಇದೆ. ಅದನ್ನು ಆರಂಭಿಸಿದ ಮೇಲೆ ವೈದ್ಯರು ಹೇಳಿದಷ್ಟೇ ನೀರು ಕೊಡಿ.

ಚಿಕಿತ್ಸೆ
ಒಂದೇ ಮೂಳೆಗೆ ಬಂದಿದ್ದರೆ ವಿಶ್ರಾಂತಿ, ಬೆನ್ನಿಗೆ ಬೆಲ್ಟ್, ಆಗಾಗ ತಪಾಸಣೆ ಇಷ್ಟೇ ಎಷ್ಟೋ ಸಲ ಸಾಕು. ಬೆಳೆಯುವ ಮಕ್ಕಳಲ್ಲಿ ಕುಸಿದ ಮೂಳೆ ವರ್ಷಗಳಲ್ಲಿ ಮತ್ತೆ ಎತ್ತರ ಪಡೆಯುವುದೂ ಉಂಟು. ಹಲವು ಕಡೆ ಹರಡಿದ್ದರೆ ವಿನ್‌ಬ್ಲಾಸ್ಟಿನ್ ಇಂಜೆಕ್ಷನ್, ಪ್ರೆಡ್ನಿಸೊಲೋನ್ ಮಾತ್ರೆಗಳನ್ನು ಸಾಮಾನ್ಯವಾಗಿ ಸುಮಾರು 1 ವರ್ಷ ಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ನಡುವೆ ಬಿಡಬಾರದು. ಚಿಕಿತ್ಸೆ ಮುಗಿದ ಮೇಲೂ ಕಾಯಿಲೆ ಮರುಕಳಿಸಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆ ಬೇಕು.

ಮೈಸೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿ ಆಸ್ಪತ್ರೆಗೆ ಹೋಗಲು ಹೇಳಿದರೆ ವರದಿಗಳ ಜೊತೆಗೆ ಫಿಲ್ಮುಗಳನ್ನೂ ಬಯಾಪ್ಸಿಯ ಸ್ಲೈಡ್, ಬ್ಲಾಕ್‌ಗಳನ್ನೂ ತಪ್ಪದೆ ಒಯ್ಯಿರಿ.

ತಡಮಾಡಬೇಡಿ
ಕಾಲುಗಳಲ್ಲಿ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತುತ್ತಿರಬಹುದು. ಮರುದಿನದ ಓ.ಪಿ.ಡಿ.ಗೆ ಕಾಯದೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ.