ಕಡಲು ಕಟ್ಟಿದ ಊರು ಕಡಲಿನಿಂದ ದೂರ

ಉಳ್ಳಾಲದ ಬೀಚ್ ನೋಡಿದ್ದೀರಿ.
ಆ ಕಡಲಿನಲ್ಲಿ ಹಿಂದೆ ನಡೆದ ವ್ಯಾಪಾರದ ದುಡ್ಡೆಲ್ಲ ಹೋಗಿದ್ದೆಲ್ಲಿಗೆ?

ಮೂಡುಬಿದಿರೆಗೆ ಬನ್ನಿ.
ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ಒಳಗೆ.
ಇಲ್ಲಿ ಅಲೆಯ ಸದ್ದಿಲ್ಲ. ಗದ್ದೆ, ಅಡಿಕೆ ತೋಟ, ಕೆಂಪು ಮುರಕಲ್ಲು.
ಆದರೂ ಇದು ಕಡಲು ಕಟ್ಟಿದ ಊರು.

ಇಲ್ಲಿನ ಜೈನರ ಸಾವಿರ ಕಂಬದ ಬಸದಿ ಶುರುವಾದದ್ದು 1430ರಲ್ಲಿ.
ಅಲ್ಲಿನ ಭೈರಾದೇವಿ ಮಂಟಪದ ಬುಡದ ಕಲ್ಲನ್ನು ಬಗ್ಗಿ ನೋಡಿ.
ಉದ್ದ ಕತ್ತಿನ ಜಿರಾಫೆ. ಚೀನೀ ಡ್ರ್ಯಾಗನ್ ಕೂಡ!
ಶಿಲ್ಪಿ ಸುಮ್ಮನೆ ಕಲ್ಪಿಸಿಕೊಂಡಿರಬಾರದೇ ಅಂತೀರಾ?
ಇರಬಹುದು. ಆದರೆ ಕಲ್ಪನೆಗೂ ಯಾರೋ ಸುದ್ದಿ ತಂದಿರಬೇಕು.
ಆಫ್ರಿಕದ ಪ್ರಾಣಿಯ ಸುದ್ದಿ ಗುಡ್ಡ ಹತ್ತಿ ಬರುವುದಿಲ್ಲ, ಹಡಗು ಹತ್ತಿ ಬರುತ್ತದೆ.

ಇನ್ನು ಇಲ್ಲಿ ಆಳಿದ ಚೌಟ ಅರಸರನ್ನು ನೋಡಿ.
ಉಳ್ಳಾಲವೂ ಅವರದೇ, ಮೂಡುಬಿದಿರೆಯೂ ಅವರದೇ.
ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಇದೇ ಮನೆತನದವರು.
ಕಡಲಿನ ದುಡ್ಡು ಒಳನಾಡಿನ ಊರಿಗೆ, ತೆಂಗಿನ ಮರದ ಹಾಗೆ.
ನೀರು ಬುಡಕ್ಕೆ, ಕಾಯಿ ಮೇಲೆ.

ಬಸದಿ ಕಟ್ಟಿಸಿದ್ದು ಭಕ್ತಿ, ವ್ಯಾಪಾರವಲ್ಲ ಅನ್ನುವವರಿದ್ದಾರೆ.
ಭಕ್ತಿಯೇ, ಒಪ್ಪಿದೆ.
ಕಲ್ಲುಕುಟಿಗರ ಕೂಲಿ ಮಾತ್ರ ಭಕ್ತಿಯಿಂದ ತೀರುವುದಿಲ್ಲವಲ್ಲ?
ಅಕ್ಕಿ, ಕಾಳುಮೆಣಸು ಒಯ್ದ ಹಡಗುಗಳನ್ನು ಬಿಟ್ಟರೆ ಆ ಲೆಕ್ಕ ಕೂಡುವುದೇ ಇಲ್ಲ.

ಅಲ್ಲಿಂದ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ.
ಫಲ್ಗುಣಿ ನದಿಯ ದಡದಲ್ಲಿ 1604ರ ಬಾಹುಬಲಿ ಮೂರ್ತಿ.
ಕಡಲಿನ ನಂಟು ಅಲ್ಲೂ ಇದೆ: ಈ ನದಿಯ ನೀರು ಇಳಿದು ಮಂಗಳೂರಿನ ಅಳಿವೆಯಲ್ಲಿ,
ಬಂಟ್ವಾಳ ದಾಟಿ ಬಂದ ನೇತ್ರಾವತಿಯನ್ನು ಸೇರುತ್ತದೆ.

ಮುಂದಿನ ಸಲ ಬೀಚಿಗೆ ಬಂದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.
ಬಸದಿಯಲ್ಲಿ ಆ ಜಿರಾಫೆಯನ್ನು ಹುಡುಕಿ,
ಸಿಕ್ಕಿದರೆ ಕಾಮೆಂಟಿನಲ್ಲಿ ಹೇಳಿ.