ಶೋಲೆಗೆ ಸಿಕ್ಕ ಹಳೆಯ ಕೊನೆ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಮಧುರೆಯೂ ‘ಶೋಲೆ’ ತಯಾರಾದ ರಾಮನಗರವೂ ಆಗ ಒಂದೇ ಬೆಂಗಳೂರು ಜಿಲ್ಲೆಯ ಊರುಗಳು. ಹಾಗಾಗಿ ಇದು ನನಗೆ ನಮ್ಮ ಸೀಮೆಯ ಕತೆಯೇ.

ಚಿತ್ರೀಕರಣಕ್ಕೆ ರಾಮನಗರದ ರಾಮದೇವರ ಬೆಟ್ಟವನ್ನು ಹುಡುಕಿಕೊಟ್ಟವರು ಕಲಾ ನಿರ್ದೇಶಕ ರಾಮ್ ಯೆಡೇಕರ್. ಡಕಾಯಿತರ ಹಿಂದಿ ಚಿತ್ರವೆಂದರೆ ಚಂಬಲ್ ಎನ್ನುವ ಕಾಲದಲ್ಲಿ ನಿರ್ದೇಶಕ ರಮೇಶ್ ಸಿಪ್ಪಿಯವರಿಗೆ ಬೇಕಾಗಿದ್ದದ್ದು ಹಾಲಿವುಡ್ ವೆಸ್ಟರ್ನ್‌ಗಳ ಬಂಡೆಗಾಡು. ಹೆದ್ದಾರಿಯಿಂದ ರಸ್ತೆ ಹಾಕಿ, ಬೆಟ್ಟದ ಬುಡದಲ್ಲಿ ‘ರಾಮಗಢ’ ಕಟ್ಟಿ, 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುಮಾಡಿದರು.

ಬಂಡೆ, ಕುದುರೆ, ಬಂದೂಕು ಆ ವೆಸ್ಟರ್ನ್‌ಗಳಲ್ಲಿರುವಂತೆಯೇ. ರಾಜಕೀಯ ಮಾತ್ರ ಬೇರೆ. ‘ಹೈ ನೂನ್’ (1952) ಚಿತ್ರದಲ್ಲಿ ಊರು ಕೈಬಿಟ್ಟರೂ ಕಾನೂನಿನವನೊಬ್ಬ ನಿಲ್ಲುತ್ತಾನೆ. ರಾಮಗಢದಲ್ಲಿ ಕಾನೂನೇ ಬಂದು ಸೋತಾಗಿದೆ: ಪೊಲೀಸ್ ಅಧಿಕಾರಿ ಠಾಕೂರ್ ಹಿಡಿದು ಜೈಲಿಗೆ ಕಳಿಸಿದ ಡಕಾಯಿತ ಗಬ್ಬರ್, ತಪ್ಪಿಸಿಕೊಂಡು ಬಂದು ಅವನ ಮನೆಮಂದಿಯನ್ನು ಕೊಂದು ತೋಳುಗಳನ್ನೇ ಕಡಿದಿದ್ದಾನೆ. ರೈತರು ಬೆಳೆದ ಕಾಳು ಡಕಾಯಿತರ ಪಾಲು. ಮೊದಲು ಚಿತ್ರಿಸಿದ ಕೊನೆಯಲ್ಲಿ ಠಾಕೂರ್ ಮೊಳೆ ಹೊಡೆದ ಜೋಡು ಮೆಟ್ಟಿ ಗಬ್ಬರನನ್ನು ಕೊಲ್ಲುತ್ತಾನೆ. ಕೊಂದ ಮೇಲೆ ಬಿಕ್ಕಿ ಅಳುತ್ತಾನೆ. ಆ ಅಳುವಿನಲ್ಲಿ ಗೆಲುವಿಲ್ಲ.

1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ ಬಂತು. ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಕೊನೆಯನ್ನು ಹೊಸದಾಗಿ ಚಿತ್ರಿಸಬೇಕಾಯಿತು. ಊರಿಗೆ ಊರೇ ನರಳುವಾಗ ಬಾರದ ಪೊಲೀಸರು ಗಬ್ಬರನ ಜೀವ ಉಳಿಸಲು ಸರಿಯಾದ ಹೊತ್ತಿಗೆ ಬಂದರು! ಆಗಸ್ಟ್ 15ರಂದು ತೆರೆಕಂಡದ್ದು ಈ ಪ್ರತಿ. ರಕ್ತಪಾತಕ್ಕಿಂತ, ಕಾನೂನು ಸೋತಿದೆ ಎಂಬ ಮಾತಿಗೇ ಆ ಸರ್ಕಾರ ಹೆದರಿತೆಂದು ನಾನು ನಂಬುತ್ತೇನೆ.

ಹಳೆಯ ಕೊನೆಯನ್ನು ವಿಡಿಯೊ ಪ್ರತಿಗಳಲ್ಲಿ ಕಂಡವರಿದ್ದರು. ದೊಡ್ಡ ತೆರೆಗೆ ತರಬಲ್ಲ ಪ್ರತಿಗಾಗಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಸಿಪ್ಪಿ ಫಿಲ್ಮ್ಸ್ ಜೊತೆಗೂಡಿ ಮುಂಬೈ, ಲಂಡನ್ನಿನ ಗೋದಾಮುಗಳನ್ನು ಜಾಲಾಡಿತು. ಮೂಲ ನೆಗೆಟಿವ್ ತೀರಾ ಹಾಳಾಗಿತ್ತು, 70 ಎಂ.ಎಂ. ಪ್ರಿಂಟು ಒಂದೂ ಉಳಿದಿರಲಿಲ್ಲ. ಎರಡೂ ಕಡೆ ಸಿಕ್ಕ ರೀಲುಗಳನ್ನು ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ ಸರಿಪಡಿಸಲು ಸುಮಾರು ಮೂರು ವರ್ಷ ಹಿಡಿಯಿತು. 2025ರ ಜೂನ್ 27ರ ರಾತ್ರಿ ಅದೇ ಊರಿನ ಪಿಯಾತ್ಸಾ ಮಜ್ಜೋರೆ ಚೌಕದ ತೆರೆಯ ಮೇಲೆ ಠಾಕೂರನನ್ನು ತಡೆಯಲು ಯಾವ ಪೊಲೀಸರೂ ಬರಲಿಲ್ಲ. ಡಿಸೆಂಬರಿನಲ್ಲಿ ಆ ಪ್ರತಿ ನಮ್ಮ ದೇಶದ ಥಿಯೇಟರುಗಳಿಗೂ ಬಂತು.