ವ್ಯಾನಿನ ಮಾಡು ಕೊಯ್ಯುವ ಮೊದಲು

"ಮಾಡು ಕೊಯ್ದು ಎರಡು ಅಡಿ ಏರಿಸಿದರಾಯಿತು ಮಾರಾಯ್ರೆ, ಅದರಲ್ಲಿ ಎಂತ ಉಂಟು?"

ಈ ಮಾತನ್ನು ಈ ವರ್ಷ ಮೂರು ಕಡೆ ಕೇಳಿದೆ. ಒಮ್ಮೆ ಬಿ.ಸಿ.ರೋಡಿನಲ್ಲಿ, ಒಮ್ಮೆ ಮೂಡುಬಿದಿರೆಯ ಹೋಟೆಲೊಂದರಲ್ಲಿ, ಮತ್ತೊಮ್ಮೆ ಉಜಿರೆಯಲ್ಲಿ ಮದುವೆ ಊಟದ ಪಂಕ್ತಿಯಲ್ಲಿ. ಮೂವರೂ ಹಳೆಯ ಓಮ್ನಿಯನ್ನೋ ಈಕೋವನ್ನೋ ಮಲಗುವ ಮನೆ ಮಾಡಿಕೊಂಡು ಊರೂರು ತಿರುಗುವ ಆಸೆಯವರು. ಆಸೆ ಒಳ್ಳೆಯದೇ. ಹೊರಗಿನಿಂದ ಎಲ್ಲರ ಗಾಡಿಯಂತೆ ಕಾಣಬೇಕು, ಒಳಗೆ ನೆಟ್ಟಗೆ ನಿಂತು ಅಂಗಿ ಬದಲಿಸಲು ಆಗಬೇಕು, ಅವರಿಗೆ ಬೇಕಾದದ್ದು ಇಷ್ಟೇ. ಆದರೆ ಒಬ್ಬರೂ ಟೇಪು ಹಿಡಿದು ಅಳೆದಿರಲಿಲ್ಲ.

ಲೆಕ್ಕ ಸುಲಭ. ಈಕೋದ ಎತ್ತರ 1,825 ಮಿ.ಮೀ., ಹೆಚ್ಚುಕಡಿಮೆ ಆರು ಅಡಿ. "ನಾನಿರುವುದು ಐದು ಅಡಿ ಏಳು ಇಂಚು, ಧಾರಾಳ ಆಯ್ತಲ್ಲ" ಎಂದು ಒಬ್ಬರು ನನ್ನಲ್ಲೇ ವಾದಿಸಿದರು. ಆ ಅಳತೆ ರಸ್ತೆಯಿಂದ ಮಾಡಿನ ತುದಿಯವರೆಗಿನದು. ಒಳಗಿನ ನೆಲವೇ ರಸ್ತೆಯಿಂದ ಎರಡು ಅಡಿಯಷ್ಟು ಮೇಲಿರುವಾಗ ಉಳಿಯುವುದು ನಾಲ್ಕು ಅಡಿ. ಐದು ಅಡಿ ಏಳು ಇಂಚಿನವರು ಒಳಗೆ ನಿಲ್ಲಬೇಕಾದರೆ ನೆಲದ ಎರಡು ಅಡಿ, ಆಳಿನ ಎತ್ತರ, ತಲೆಯ ಮೇಲೆ ಎರಡು ಇಂಚು, ಪ್ಲೈವುಡ್ಡು ಮತ್ತು ಶಾಖ ತಡೆಯುವ ಹಾಳೆಗೆ ಇನ್ನೆರಡು ಇಂಚು, ಎಲ್ಲ ಸೇರಿ ಎಂಟು ಅಡಿಗೆ ಒಂದು ಇಂಚು ಮಾತ್ರ ಕಡಿಮೆ. ಆರು ಅಡಿಯ ಗಾಡಿಯ ತಲೆಯ ಮೇಲೆ ಎರಡು ಅಡಿಯ ಪೆಟ್ಟಿಗೆ ಹೊತ್ತು ಬಂಟ್ವಾಳ ಪೇಟೆಯಲ್ಲಿ ಹೋದರೆ ಅಂಗಡಿಯವರು ಹೊರಗೆ ಬಂದು ನೋಡುತ್ತಾರೆ. ಕಣ್ಣಿಗೆ ಬೀಳಬಾರದು ಎಂಬ ಆಸೆ ಅಲ್ಲಿಗೇ ಮುಗಿಯಿತು.

ಅದಕ್ಕಿಂತ ದೊಡ್ಡ ತಪ್ಪು, ಮಾಡು ಎಂದರೆ ಬರೀ ಮುಚ್ಚಳ ಎಂದು ತಿಳಿದಿರುವುದು. ನಮ್ಮ ಹಳೆಯ ಮನೆಗಳಲ್ಲಿ ಹಂಚು ತೆಗೆದರೆ ಪಕ್ಕಾಸು, ರೀಪು ಉಳಿಯುತ್ತವೆ, ಮನೆ ನಿಂತಿರುತ್ತದೆ. ವ್ಯಾನಿನಲ್ಲಿ ಹಂಚೂ ಪಕ್ಕಾಸೂ ಒಂದಕ್ಕೊಂದು ಬೆಸೆದ ತಗಡು. ಎಡ ಬಲದ ಕಂಬಗಳನ್ನು ಹಿಡಿದಿಟ್ಟಿರುವುದು ಮಾಡಿನ ಅಡ್ಡಪಟ್ಟಿಗಳೇ. ನಡುವನ್ನು ಕೊಯ್ದು ಫೈಬರ್ ಡಬ್ಬ ಕೂರಿಸಿದರೆ ಗಾಡಿ ಮಗುಚಿದ ದಿನ ಒಳಗಿದ್ದವರನ್ನು ಕಾಯುವ ಬಳೆಯೇ ಇರುವುದಿಲ್ಲ. ಮಗುಚುವ ಸಾಧ್ಯತೆಯೂ ಹೆಚ್ಚುತ್ತದೆ, ಭಾರ ಮೇಲಕ್ಕೆ ಹೋಗಿರುತ್ತದಲ್ಲ. ಬೆಳ್ತಂಗಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾರ್ಮಾಡಿ ಘಾಟಿಯ ತಿರುವುಗಳನ್ನು ನಾವು ನಂಬರಿನಿಂದ ಗುರುತಿಸುವುದೇ ಅಪಘಾತದ ಸುದ್ದಿಗಳಿಂದಾಗಿ.

ಮತ್ತೆ ಮಳೆ. ಹೀಗೆ ಮಾಡು ಏರಿಸಿದ ವ್ಯಾನೊಂದರಲ್ಲಿ ಜುಲೈಯ ಒಂದು ರಾತ್ರಿ ಮಲಗಿದ್ದೇನೆ. ಹತ್ತು ಗಂಟೆಯವರೆಗೆ ಏನೂ ಇಲ್ಲ. ಆಮೇಲೆ ದಿಂಬು ಒದ್ದೆಯಾಗತೊಡಗಿತು. ಟಾರ್ಚ್ ಹಾಕಿ ನೋಡಿದರೆ ಫೈಬರಿಗೂ ತಗಡಿಗೂ ನಡುವೆ ಹಚ್ಚಿದ ಸಿಲಿಕಾನ್ ಒಂದು ಕಡೆ ಕೂದಲೆಳೆಯಷ್ಟು ಬಿಟ್ಟಿತ್ತು. ನೀರು ಅಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಪ್ಲೈವುಡ್ಡಿನ ಹಿಂದಿನಿಂದ ಒಂದು ಮೊಳ ಹರಿದು ಬಂದು ಒಂದು ಸ್ಕ್ರೂವಿನ ತಲೆಯಲ್ಲಿ ಮಣಿಯಾಗಿ ನಿಂತು, ದಪ್ಪವಾಗಿ, ದಿಂಬಿನ ಮೇಲೆ ಬೀಳುತ್ತಿತ್ತು. ಸ್ಕ್ರೂವಿನ ಸುತ್ತ ಆಗಲೇ ತುಕ್ಕಿನ ಉಂಗುರ. ಗಾಡಿ ಹೊಂಡಕ್ಕೆ ಇಳಿದಾಗಲೆಲ್ಲ ತಗಡು ತಿರುಚುತ್ತದೆ, ಫೈಬರ್ ಅಷ್ಟು ತಿರುಚುವುದಿಲ್ಲ. ನಡುವಿನ ಅಂಟು ಎಷ್ಟು ದಿನ ತಡೆದೀತು?

"ಆರ್‌ಟಿಒದವರು ಎಂತ ನೋಡುವುದು?" ಎನ್ನುವವರಿಗೆ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಯವರು ಆರ್.ಸಿ. ಪುಸ್ತಕ ತೆರೆದು ಕೇಳುವ ಪ್ರಶ್ನೆಗೆ ಗ್ಯಾರೇಜಿನವರು ಬಂದು ಉತ್ತರ ಹೇಳುವುದಿಲ್ಲ.

ನೆಲ ತಗ್ಗಿಸಿ ಎತ್ತರ ಪಡೆಯುತ್ತೇವೆ ಎನ್ನುವವರು ಒಮ್ಮೆ ಗಾಡಿಯ ಅಡಿಗೆ ಬಗ್ಗಿ ನೋಡಲಿ. ಎಂಜಿನ್ ಮುಂದಿನ ಸೀಟಿನ ಕೆಳಗೆ, ಅಲ್ಲಿಂದ ಹಿಂದಿನ ಚಕ್ರಕ್ಕೆ ಪ್ರೊಪೆಲ್ಲರ್ ಶಾಫ್ಟು, ಪಕ್ಕದಲ್ಲಿ ಸೈಲೆನ್ಸರ್ ಪೈಪು. ತಗ್ಗಿಸಲು ಜಾಗ ಎಲ್ಲಿದೆ? ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಯಾರಿಗೂ ಕಾಣುವುದಿಲ್ಲ ಎಂಬುದೂ ನಡೆಯದ ಮಾತು, 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ. ಆದರೆ ಜನರೇಟರ್ ಅಥವಾ ಎಂಜಿನ್ ಚಾಲೂ ಇಟ್ಟು ಎ.ಸಿ.ಯಲ್ಲಿ ಮಲಗಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಜೀವ ತೆಗೆಯುವಂಥದ್ದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತದ್ದು ಜನರೇಟರಿನ ಕಾರ್ಬನ್ ಮಾನಾಕ್ಸೈಡ್‌ನಿಂದ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಅಡಿಕೆಗೆ ಕಿಲೋಗೆ ಐದು ರೂಪಾಯಿ ವ್ಯತ್ಯಾಸ ಕಂಡರೆ ನಾಲ್ಕು ಮಂಡಿ ವಿಚಾರಿಸುವ ಜನ ನಾವು. ಅದೇ ಜನ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ಗ್ಯಾಸ್ ಕಟರ್ ತರಿಸುತ್ತಾರೆ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳ ಮಾಡು ಮೇಲಕ್ಕೆ ತೆರೆಯುವುದು ನಿಜ. ಅಲ್ಲಿ ಕೊಯ್ದ ಜಾಗದ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ, ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದು ರಸ್ತೆಗೆ ಬಿಡುತ್ತಾರೆ. ವಿಡಿಯೊದಲ್ಲಿ ಕಾಣುವುದು ತೆರೆದ ಮಾಡು ಮತ್ತು ಕಾಫಿ ಲೋಟ ಮಾತ್ರ. ತೆರೆದ ಮಾಡಿನ ಸುತ್ತಲಿನ ಬಟ್ಟೆಯ ಗೋಡೆಗೆ ನಮ್ಮ ಆಟಿ ತಿಂಗಳ ಮಳೆಯಲ್ಲಿ ಎಷ್ಟು ದಿನಕ್ಕೆ ಬೂಸ್ಟು ಹಿಡಿಯುತ್ತದೆ ಎಂದು ಯಾರೂ ತೋರಿಸುವುದಿಲ್ಲ.

ನಿಂತೇ ಆಗಬೇಕು ಎನ್ನುವವರಿಗೆ ದಾರಿ ಇದೆ. ಕಂಪನಿಯಿಂದಲೇ ಎತ್ತರವಾಗಿ ಬರುವ ಟೆಂಪೊ ಟ್ರಾವೆಲರ್ ತೆಗೆದುಕೊಳ್ಳಿ. ಸಾಧಾರಣ ಎತ್ತರದವರು ಅದರ ನಡುವಿನ ಓಣಿಯಲ್ಲಿ ತಲೆ ಬಗ್ಗಿಸದೆ ನಡೆಯಬಹುದು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನಿಗೆ ಕಾನೂನಿನಲ್ಲಿ ಪ್ರತ್ಯೇಕ ವರ್ಗವಿದೆ, ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಅದರಂತೆ ಮಾಡಿಸಿ ಆರ್.ಸಿ.ಯಲ್ಲಿ ಬರೆಸಿಕೊಳ್ಳಿ. ಇಷ್ಟು ದೊಡ್ಡ ಗಾಡಿ ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬ ಭಯ ಬೇಡ. ಧರ್ಮಸ್ಥಳದ ಪಾರ್ಕಿಂಗಿನಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹತ್ತಿರ, ಮದುವೆ ಹಾಲಿನ ಮುಂದೆ ಟ್ರಾವೆಲರ್ ನಿಂತರೆ ಯಾರು ತಿರುಗಿ ನೋಡುತ್ತಾರೆ? ನಮ್ಮ ಸೀಮೆಯಲ್ಲಿ ಗಾಡಿ ಕಣ್ಣಿಗೆ ಬೀಳದಿರುವುದು ಅದು ಗಿಡ್ಡವಾಗಿದ್ದರೆ ಅಲ್ಲ, ದಿನಾ ನೋಡಿದಂಥದ್ದಾಗಿದ್ದರೆ.

ಅಷ್ಟು ದುಡ್ಡಿಲ್ಲದ ನನ್ನಂಥವರು ಈಕೋದ ಹಿಂಬಾಗಿಲು ನೋಡಬೇಕು. ಅದು ಮೇಲಕ್ಕೆ ತೆರೆಯುತ್ತದೆ, ಅಡಿಯಲ್ಲಿ ನೆಲದ ಮೇಲೆ ನಾನು ನೆಟ್ಟಗೆ ನಿಲ್ಲಬಹುದು. ಅಡಿಕೆ ಒಣಗಿಸುವ ಟಾರ್ಪಲನ್ನು ಬಾಗಿಲ ಮೇಲಿಂದ ಇಳಿಬಿಟ್ಟು ಮೂರು ಬದಿ ಮುಚ್ಚಿ, ಕೆಳಗಿನ ಅಂಚಿಗೆ ಕಲ್ಲಿಟ್ಟರೆ ಬಟ್ಟೆ ಬದಲಿಸುವ ಕೋಣೆ ಸಿದ್ಧ. ಮಲಗಿರುವಾಗ ಎತ್ತರ ಯಾರಿಗೂ ಬೇಡ. ನಿಲ್ಲಬೇಕಾದದ್ದು ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಫೆಬ್ರವರಿಯಲ್ಲಿ ವೇಣೂರಿನ ಗೊಮ್ಮಟನನ್ನು ನೋಡಲು ಹೋದಾಗ ಬೆಳಕು ಹರಿಯುವ ಹೊತ್ತಿಗೆ ಆ ಟಾರ್ಪಲಿನೊಳಗೆ ನಿಂತು ಪಂಚೆ ಉಡುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವರು ಸೈಕಲ್ ನಿಲ್ಲಿಸಿ ಹೊರಗಿನಿಂದಲೇ ಕೇಳಿದರು: "ಎಂತ ಅಣ್ಣ, ಗಾಡಿ ಹಾಳಾಯ್ತಾ?"